ದಿನಬಳಕೆಯ ಕಾರಿಗೆ ಎಷ್ಟು ಚಿಕ್ಕ ಪುಲ್ಲಿ?

ಸೂಪರ್‌ಚಾರ್ಜರ್ ಇರುವ ಕಾರಿನ ಶಕ್ತಿ ಹೆಚ್ಚಿಸಲು ಕಡಿಮೆ ಖರ್ಚಿನ ದಾರಿಯೆಂದರೆ ಪುಲ್ಲಿ ಬದಲಿಸುವುದು. ಸೂಪರ್‌ಚಾರ್ಜರ್ ತಿರುಗುವುದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಬೆಲ್ಟಿನಿಂದ. ಅದರ ಶಾಫ್ಟಿನ ತುದಿಯಲ್ಲಿ ಕೂತಿರುವ ಪುಲ್ಲಿಯನ್ನು ತೆಗೆದು ಚಿಕ್ಕದನ್ನು ಹಾಕಿದರೆ, ಎಂಜಿನ್ ಮೊದಲಿನ ವೇಗದಲ್ಲೇ ಓಡುತ್ತಿದ್ದರೂ ಸೂಪರ್‌ಚಾರ್ಜರ್ ಹೆಚ್ಚು ಸುತ್ತು ತಿರುಗುತ್ತದೆ. ಸಿಲಿಂಡರಿಗೆ ಹೆಚ್ಚು ಗಾಳಿ ಹೋಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರುತ್ತದೆ, ಪಿಕಪ್ ಹೆಚ್ಚುತ್ತದೆ. ಕೆಲಸ ಇಷ್ಟು ಸರಳವಾಗಿರುವುದರಿಂದಲೇ ಹಲವರು ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಪುಲ್ಲಿಯನ್ನೇ ಕೊಂಡುಬಿಡುತ್ತಾರೆ. ಟ್ರ್ಯಾಕಿನಲ್ಲಿ ಹತ್ತು ನಿಮಿಷ ಓಡುವ ಕಾರಿನ ಲೆಕ್ಕ ಬೇರೆ. ಬೇಸಿಗೆಯ ಮಧ್ಯಾಹ್ನ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತ, ಮಕ್ಕಳನ್ನು ಶಾಲೆಗೆ ಬಿಟ್ಟು, ಮರುದಿನ ಬೆಳಿಗ್ಗೆ ಮತ್ತೆ ಸ್ಟಾರ್ಟ್ ಆಗಬೇಕಾದ ಕಾರಿನ ಲೆಕ್ಕವೇ ಬೇರೆ.

ಪುಲ್ಲಿ ಬದಲಾವಣೆಯ ಫಲ ಹೆಚ್ಚಾಗಿ ಕಾಣುವುದು ರೂಟ್ಸ್ ಮಾದರಿಯ ಸೂಪರ್‌ಚಾರ್ಜರುಗಳಲ್ಲಿ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯೂದುವ ಯಂತ್ರವೇ ಇದರ ಮೂಲ. ಎರಡು ರೋಟರುಗಳು ಒಂದಕ್ಕೊಂದು ತಾಗದಂತೆ ಎದುರುಬದುರು ತಿರುಗುತ್ತ, ಅಂಚುಗಳ ನಡುವೆ ಸಿಕ್ಕ ಗಾಳಿಯನ್ನು ಒಳಬಾಯಿಯಿಂದ ಹೊರಬಾಯಿಗೆ ಸಾಗಿಸುತ್ತವೆ. ಪ್ರತಿ ಸುತ್ತಿಗೂ ಇಂತಿಷ್ಟೇ ಗಾಳಿ. ಹಾಗಾಗಿ ಎಂಜಿನ್ 2,500 ಸುತ್ತಿನಲ್ಲಿರಲಿ, 6,000ದಲ್ಲಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಚಿಕ್ಕ ಪುಲ್ಲಿಯ ಲಾಭ ಸಿಗುತ್ತದೆ. ಮೂರನೇ ಗೇರಿನಲ್ಲಿ ಲಾರಿ ಹಿಂದಿಕ್ಕುವಾಗ ಬೇಕಾಗುವ ಎಳೆತ ಇದೇ. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಹಾಗಲ್ಲ. ಅದರ ಒತ್ತಡ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಚಿಕ್ಕ ಪುಲ್ಲಿಯ ಲಾಭವೆಲ್ಲ ಮೇಲಿನ ವೇಗಕ್ಕೇ ಹೋಗುತ್ತದೆ, ಊರೊಳಗಿನ ಓಡಾಟಕ್ಕೆ ಹೆಚ್ಚೇನೂ ದಕ್ಕುವುದಿಲ್ಲ.

ಒಂದೇ ಕಾರನ್ನು ಹಿಡಿದು ನೋಡಿದರೆ ಲೆಕ್ಕ ತಿಳಿಯಾಗುತ್ತದೆ. 2006ರವರೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ತಯಾರಾದ ಮೊದಲ ತಲೆಮಾರಿನ ಮಿನಿ ಕೂಪರ್ ಎಸ್, ಅಂದರೆ ಆರ್53, ಪುಲ್ಲಿ ಬದಲಾವಣೆಗೆ ಹೆಸರಾದ ಕಾರು. ಮಿನಿ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2012ರಲ್ಲಿ, ಆದ್ದರಿಂದ ಈ ಮಾದರಿ ಇಲ್ಲಿನ ಶೋರೂಮುಗಳಲ್ಲಿ ಮಾರಾಟವಾಗಲಿಲ್ಲ. ಆದರೆ ಅಮೆರಿಕ, ಬ್ರಿಟನ್ನಿನ ರಸ್ತೆಗಳಲ್ಲಿ ಇಂದಿಗೂ ಓಡುತ್ತಿದೆ. ಬ್ರೆಜಿಲ್‌ನ ಕಾಂಪೊ ಲಾರ್ಗೊ ಕಾರ್ಖಾನೆಯಲ್ಲಿ ತಯಾರಾದ 1,598 ಸಿಸಿಯ ಟ್ರೈಟೆಕ್ ಎಂಜಿನ್, ಎರಕದ ಕಬ್ಬಿಣದ ಬ್ಲಾಕ್, 8.3:1 ಕಂಪ್ರೆಷನ್, ಈಟನ್ ಎಂ45 ಸೂಪರ್‌ಚಾರ್ಜರ್. ಆರಂಭದ ಕಾರುಗಳ ಶಕ್ತಿ 163 ಅಶ್ವಶಕ್ತಿ, 2004ರ ಪರಿಷ್ಕರಣೆಯ ನಂತರ 170. ಎಂ45 ಎಂಬ ಹೆಸರಿನಲ್ಲೇ ಅಳತೆ ಇದೆ: ಸುತ್ತಿಗೆ 45 ಘನ ಅಂಗುಲ, ಅಂದರೆ ಸುಮಾರು 0.74 ಲೀಟರ್ ಗಾಳಿ. ಕಾರ್ಖಾನೆಯ ಪುಲ್ಲಿಯೊಂದಿಗೆ ಇದು ಎಂಜಿನ್ನಿನ ಎರಡು ಪಟ್ಟಿಗಿಂತ ತುಸು ಹೆಚ್ಚು ವೇಗದಲ್ಲಿ ತಿರುಗುತ್ತದೆ. ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, ಹೆಚ್ಚೆಂದರೆ ಸುಮಾರು 0.8 ಬಾರ್.

ಈ ಕಾರಿಗೆ ಪೇಟೆಯಲ್ಲಿ ಸಿಗುವ ಪುಲ್ಲಿಗಳನ್ನು 15, 17, 19 ಶೇಕಡಾ ಎಂದು ಕರೆಯುತ್ತಾರೆ. ಇದು ವ್ಯಾಸದಲ್ಲಿ ಆದ ಕಡಿತ. ವೇಗದ ಏರಿಕೆ ಇದಕ್ಕಿಂತ ಹೆಚ್ಚು. ವ್ಯಾಸ 100ರಿಂದ 85ಕ್ಕೆ ಇಳಿದರೆ, 100ನ್ನು 85ರಿಂದ ಭಾಗಿಸಬೇಕು: ವೇಗ 17.6 ಶೇಕಡಾ ಏರಿತು. 17ರ ಪುಲ್ಲಿಯಲ್ಲಿ ಅದು 20.5, 19ರದ್ದರಲ್ಲಿ 23.5. ಎಂಜಿನ್ 6,500 ಸುತ್ತಿನಲ್ಲಿರುವಾಗ ಮೂಲ ಪುಲ್ಲಿಯೊಂದಿಗೆ ಸೂಪರ್‌ಚಾರ್ಜರ್ ನಿಮಿಷಕ್ಕೆ ಸುಮಾರು 13,400 ಸುತ್ತು ಹಾಕುತ್ತಿತ್ತು ಎಂದಿಟ್ಟುಕೊಂಡರೆ, 15ರ ಪುಲ್ಲಿಗೆ ಅದು 15,800, 19ರದ್ದಕ್ಕೆ 16,500 ದಾಟುತ್ತದೆ. ಬೇರಿಂಗು, ಗೇರುಗಳಿಗೆ ತಯಾರಕರು ಒಂದು ಗರಿಷ್ಠ ವೇಗವನ್ನು ಹೇಳಿರುತ್ತಾರೆ. ಪುಲ್ಲಿ ಆರಿಸುವ ಮೊದಲು ನೋಡಬೇಕಾದ ಸಂಖ್ಯೆ ಅದು. ಹೆಚ್ಚಿನ ಜಾಹೀರಾತುಗಳಲ್ಲಿ ಅದು ಕಾಣುವುದೇ ಇಲ್ಲ, ಬೂಸ್ಟ್ ಎಷ್ಟು ಏರುತ್ತದೆ ಎಂಬುದಷ್ಟೇ ಇರುತ್ತದೆ.

ಬೂಸ್ಟಿನ ಅಂಕಿಯೊಂದನ್ನೇ ನೆಚ್ಚಿಕೊಂಡರೆ ದಾರಿ ತಪ್ಪುತ್ತದೆ. ಮೀಟರ್ ತೋರಿಸುವುದು ಸಿಲಿಂಡರಿನೊಳಗೆ ಹೋದ ಗಾಳಿಯ ಪ್ರಮಾಣವನ್ನಲ್ಲ, ಒಳಗೆ ಹೋಗಲು ಕಾದು ಒತ್ತಿಕೊಂಡು ನಿಂತ ಗಾಳಿಯ ಒತ್ತಡವನ್ನು. ಸಿಲಿಂಡರ್ ಹೆಡ್ಡನ್ನೋ ಸೈಲೆನ್ಸರನ್ನೋ ಬದಲಿಸಿ ಗಾಳಿಯ ದಾರಿ ಸಲೀಸು ಮಾಡಿದಾಗ ಬೂಸ್ಟ್ ಇಳಿದು ಶಕ್ತಿ ಏರುವುದುಂಟು. ಬೂಸ್ಟ್ ಏರಿಯೂ ಶಕ್ತಿ ಏರದಿರುವುದೂ ಉಂಟು, ಅದಕ್ಕೆ ಕಾರಣ ಶಾಖ.

ರೂಟ್ಸ್ ಯಂತ್ರ ತನ್ನೊಳಗೆ ಗಾಳಿಯನ್ನು ಒತ್ತುವುದಿಲ್ಲ. ರೋಟರು ಹೊರಬಾಯಿಗೆ ತೆರೆದುಕೊಂಡ ಕ್ಷಣದಲ್ಲಿ, ಅಲ್ಲಿ ಮೊದಲೇ ತುಂಬಿರುವ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿ ಹೊಸ ಗಾಳಿಯನ್ನು ಒತ್ತುತ್ತದೆ. ಈ ಒರಟು ವಿಧಾನದಲ್ಲಿ ಬಹಳಷ್ಟು ಶ್ರಮ ಬರೀ ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಬೂಸ್ಟ್ 0.8 ಬಾರ್, ಯಂತ್ರದ ದಕ್ಷತೆ 55 ಶೇಕಡಾ ಎಂದು ಹಿಡಿದರೆ, ಸೂಪರ್‌ಚಾರ್ಜರಿನಿಂದ ಹೊರಬರುವ ಗಾಳಿ ಸುಮಾರು 130 ಡಿಗ್ರಿ ಮುಟ್ಟುತ್ತದೆ. ಚಿಕ್ಕ ಪುಲ್ಲಿ ಹಾಕಿ ಬೂಸ್ಟನ್ನು 1 ಬಾರಿಗೆ ಏರಿಸಿ, ಹೆಚ್ಚಿದ ವೇಗದಿಂದ ದಕ್ಷತೆ 50ಕ್ಕೆ ಇಳಿಯಿತು ಎನ್ನೋಣ: ಗಾಳಿ 160 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳು. ಮೊದಲ ಲೆಕ್ಕದಲ್ಲಿ ಸಾಂದ್ರತೆ ಹೊರಗಿನ ಗಾಳಿಯ 1.35 ಪಟ್ಟು, ಎರಡನೆಯದರಲ್ಲಿ 1.39. ಒಟ್ಟು ಒತ್ತಡ 11 ಶೇಕಡಾ ಏರಿದರೂ ಗಾಳಿಯ ಸಾಂದ್ರತೆ ಏರಿದ್ದು 3 ಶೇಕಡಾ ಮಾತ್ರ. ಎರಡೂ ಸಂದರ್ಭದಲ್ಲಿ ಇಂಟರ್‌ಕೂಲರ್ ಆ ಗಾಳಿಯನ್ನು 60 ಡಿಗ್ರಿಗೆ ತಣಿಸಬಲ್ಲದಾದರೆ ಆ 11 ಶೇಕಡಾ ಪೂರ್ತಿ ಕೈಗೆ ಸಿಗುತ್ತದೆ.

ಎಂದರೆ ಪುಲ್ಲಿಗೆ ಕೊಟ್ಟ ದುಡ್ಡು ವಸೂಲಾಗುವುದು ಇಂಟರ್‌ಕೂಲರಿನಲ್ಲಿ. ಆರ್53ರಲ್ಲಿ ಅದು ಎಂಜಿನ್ನಿನ ನೆತ್ತಿಯ ಮೇಲೇ ಕೂತಿದೆ, ಬಾನೆಟ್ಟಿನ ಮೇಲಿನ ತೂತಿನಿಂದ ಅದಕ್ಕೆ ಗಾಳಿ. ಹೆದ್ದಾರಿಯಲ್ಲಿ ಇದು ಸಾಕಷ್ಟು ಚೆನ್ನಾಗಿ ತಣಿಯುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಕೆಳಗಿನ ಎಂಜಿನ್ನಿನ ಕಾವೆಲ್ಲ ಅದಕ್ಕೇ ಏರುತ್ತದೆ, ಸಿಗ್ನಲ್ ಬಿಟ್ಟೊಡನೆ ಬೇಕಾದ ಎಳೆತ ಆಗ ಸಿಗುವುದಿಲ್ಲ. ಅದರ ಎರಡು ತುದಿಯ ರಬ್ಬರ್ ಬೂಟುಗಳು ವಯಸ್ಸಾದಂತೆ ಬಿರಿದು ಗಾಳಿ ಸೋರುವುದೂ ಸಾಮಾನ್ಯ. ಬೂಟು ಸೋರುತ್ತಿರುವ ಕಾರಿಗೆ ಚಿಕ್ಕ ಪುಲ್ಲಿ ಹಾಕುವುದು ಹಣವನ್ನು ನೀರಿಗೆ ಸುರಿದಂತೆಯೇ ಸರಿ.

ಬಿಸಿಯ ಬೆನ್ನಿಗೇ ಬರುವುದು ನಾಕಿಂಗ್. ಕಿಡಿ ಹತ್ತಿಸಿದ ಉರಿ ತಲುಪುವ ಮೊದಲೇ ಸಿಲಿಂಡರಿನ ಮೂಲೆಯ ಮಿಶ್ರಣ ತಾನಾಗಿ ಸಿಡಿದರೆ ಪಿಸ್ಟನ್ನಿನ ಅಂಚು, ರಿಂಗುಗಳ ನಡುವಿನ ಭಾಗ ಪೆಟ್ಟು ತಿನ್ನುತ್ತವೆ. ಎಂಜಿನ್ನಿನ ಕಂಪ್ಯೂಟರ್ ನಾಕ್ ಸೆನ್ಸರಿನ ಸೂಚನೆ ಕೇಳಿ ಕಿಡಿಯನ್ನು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಹೋಗುತ್ತದೆ. ಹೀಗಾಗಿ ನಿತ್ಯ ತುಂಬಿಸುವ ಪೆಟ್ರೋಲಿನ ಆಕ್ಟೇನ್ ಎಷ್ಟು ಎಂಬುದೂ ಪುಲ್ಲಿಯ ಆಯ್ಕೆಯನ್ನು ನಿರ್ಧರಿಸುತ್ತದೆ. ಭಾರತದ ಅಳತೆಯ 91 ಮತ್ತು ಕ್ಯಾಲಿಫೋರ್ನಿಯಾದ ಬಂಕುಗಳ 91 ಒಂದೇ ಅಲ್ಲ. ಇಲ್ಲಿಯದು ಆರ್‌ಒಎನ್ ಎಂಬ ಒಂದೇ ಪರೀಕ್ಷೆಯ ಅಳತೆ, ಅಲ್ಲಿಯದು ಎರಡು ಪರೀಕ್ಷೆಗಳ ಸರಾಸರಿ. ಅಲ್ಲಿನ 91 ಇಲ್ಲಿನ ಅಳತೆಯಲ್ಲಿ ಹೆಚ್ಚುಕಡಿಮೆ 95ಕ್ಕೆ ಸಮ. ಊರಿನ ಎತ್ತರವನ್ನೂ ಮರೆಯುವಂತಿಲ್ಲ. ಸಮುದ್ರ ಮಟ್ಟದಿಂದ 1,600 ಮೀಟರ್ ಮೇಲಿರುವ ಡೆನ್ವರಿನಲ್ಲಿ ಹೊರಗಿನ ಗಾಳಿಯೇ ಆರನೇ ಒಂದು ಭಾಗದಷ್ಟು ತೆಳು. ಅಲ್ಲಿ ಒಗ್ಗಿದ ಪುಲ್ಲಿಯೊಂದಿಗೆ ಕಡಲತೀರಕ್ಕೆ ಇಳಿದರೆ ಅದೇ ಎಂಜಿನ್ ನಾಕ್ ಆಗತೊಡಗಬಹುದು.

ಮೂರನೆಯ ಮಿತಿ ಬೆಲ್ಟ್. ಸೂಪರ್‌ಚಾರ್ಜರ್ ತಿರುಗಿಸಲು ಬೇಕಾದ ಶಕ್ತಿ ಎಂಜಿನ್ನಿನಿಂದಲೇ ಹೋಗಬೇಕು. ರೂಟ್ಸ್ ಯಂತ್ರದಲ್ಲಿ ಇದನ್ನು ಅಂದಾಜು ಮಾಡುವುದು ಸುಲಭ: ಸೆಕೆಂಡಿಗೆ ಸಾಗಿಸುವ ಗಾಳಿಯ ಗಾತ್ರವನ್ನು ಬೂಸ್ಟಿನಿಂದ ಗುಣಿಸಿದರಾಯಿತು. ಮೇಲಿನ ಮಿನಿಯಲ್ಲಿ 6,500 ಸುತ್ತಿನಲ್ಲಿ ಮೂಲ ಪುಲ್ಲಿಗೆ ಸುಮಾರು 18 ಅಶ್ವಶಕ್ತಿ, 15ರ ಪುಲ್ಲಿಗೆ 1 ಬಾರ್ ಬೂಸ್ಟಿನಲ್ಲಿ ಸುಮಾರು 26. ಘರ್ಷಣೆ ಬೇರೆ. ವೇಗ ಏರಿದ್ದು 18 ಶೇಕಡಾದೊಳಗೆ, ಬೆಲ್ಟಿನ ಹೊರೆ ಏರಿದ್ದು ಹೆಚ್ಚುಕಡಿಮೆ ಅರ್ಧದಷ್ಟು. ಅದೇ ಹೊತ್ತಿಗೆ ಪುಲ್ಲಿ ಚಿಕ್ಕದಾಗಿ ಬೆಲ್ಟಿಗೆ ಹಿಡಿದುಕೊಳ್ಳಲು ಸಿಗುವ ಜಾಗ ಕಡಿಮೆಯಾಗಿದೆ. ಅದಕ್ಕಾಗಿಯೇ ಹೊಸ ಪುಲ್ಲಿಯ ಜೊತೆ ತುಸು ಗಿಡ್ಡ ಬೆಲ್ಟ್ ಬೇಕು, ಟೆನ್ಷನರ್ ಗಟ್ಟಿಯಾಗಿರಬೇಕು. ಬೆಲ್ಟ್ ಜಾರುತ್ತಿದ್ದರೆ ಕೀರಲು ಸದ್ದು ಬರುತ್ತದೆ, ಪುಲ್ಲಿಯ ಗೀರುಗಳಲ್ಲಿ ಕಪ್ಪು ಪುಡಿ ಕೂರುತ್ತದೆ, ಮೇಲಿನ ವೇಗದಲ್ಲಿ ಬೂಸ್ಟ್ ಏರುವ ಬದಲು ಕುಸಿಯುತ್ತದೆ.

ಮೈಲೇಜಿನ ಬಗ್ಗೆ ಮಾತ್ರ ಅಷ್ಟು ಹೆದರಬೇಕಿಲ್ಲ. ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಬೈಪಾಸ್ ವಾಲ್ವ್ ತೆರೆದು, ಹೊರಬಂದ ಗಾಳಿ ಒಳಬಾಯಿಗೇ ಸುತ್ತಿಕೊಂಡು ಹೋಗುತ್ತದೆ. ಒತ್ತಡವೇ ಇಲ್ಲದಾಗ ಹೊರೆಯೂ ಕಡಿಮೆ. ಆ ವಾಲ್ವಿನ ಸ್ಪ್ರಿಂಗು ಸಡಿಲವಾದ ಕಾರು ಎಳೆದೆಳೆದು ಬಿಟ್ಟಂತೆ ಓಡುತ್ತದೆ, ಪುಲ್ಲಿ ಚಿಕ್ಕದಾದ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ.

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ದಿನಬಳಕೆಯ ಆರ್53ಕ್ಕೆ 15ರ ಪುಲ್ಲಿಯೇ ಮೇಲಿನ ಮಿತಿ ಎನ್ನಬೇಕು. ಒಳ್ಳೆಯ ಪೆಟ್ರೋಲ್, ಒಂದು ದರ್ಜೆ ತಣ್ಣಗಿನ ಸ್ಪಾರ್ಕ್ ಪ್ಲಗ್ಗುಗಳು, ಸೋರದ ಇಂಟರ್‌ಕೂಲರ್ ಇದ್ದರೆ ಅದು ವರ್ಷಗಟ್ಟಲೆ ನಿಭಾಯಿಸುತ್ತದೆ. ಅದಕ್ಕೆಂದೇ ಟ್ಯೂನಿಂಗ್ ಮಾಡಿಸಿದರೆ ಇನ್ನೂ ಉತ್ತಮ. 17ಕ್ಕೆ ಹೋಗುವವರು ದೊಡ್ಡ ಇಂಟರ್‌ಕೂಲರ್, ಟ್ಯೂನಿಂಗ್, ಇಂಜೆಕ್ಟರುಗಳ ಖರ್ಚನ್ನು ಮೊದಲೇ ಎಣಿಸಿಟ್ಟುಕೊಳ್ಳಬೇಕು. 19ರದ್ದು ರಸ್ತೆಯ ಕಾರಿಗೆ ಹೇಳಿದ್ದಲ್ಲ: ಗಾಳಿಗಿಂತ ಬಿಸಿ ಬೇಗ ಏರುತ್ತದೆ, ಬೇರಿಂಗಿನ ಆಯುಷ್ಯ ಕರಗುತ್ತದೆ. 200 ಅಶ್ವಶಕ್ತಿಯ ಜಾನ್ ಕೂಪರ್ ವರ್ಕ್ಸ್ ಕಿಟ್ಟಿನಲ್ಲೂ ಬರೀ ಪುಲ್ಲಿ ಇರಲಿಲ್ಲ. ಸಿಲಿಂಡರ್ ಹೆಡ್, ಸೈಲೆನ್ಸರ್, ಕಂಪ್ಯೂಟರಿನ ಪ್ರೋಗ್ರಾಂ ಎಲ್ಲವೂ ಜೊತೆಯಾಗಿ ಬದಲಾಗುತ್ತಿದ್ದವು.

ಒಂದು ಕಾರಿನ ಶೇಕಡಾವನ್ನು ಇನ್ನೊಂದಕ್ಕೆ ಹೊರಿಸುವಂತಿಲ್ಲ. 2003–04ರ ಫೋರ್ಡ್ ಮಸ್ಟಾಂಗ್ ಕೋಬ್ರಾದಲ್ಲಿ 4.6 ಲೀಟರ್ ಎಂಜಿನ್, ಎಂ112 ಸೂಪರ್‌ಚಾರ್ಜರ್, ಕಾರ್ಖಾನೆಯ ಬೂಸ್ಟ್ ಅರ್ಧ ಬಾರಿನ ಆಸುಪಾಸು. ಪಿಸ್ಟನ್, ಕನೆಕ್ಟಿಂಗ್ ರಾಡುಗಳು ಫೋರ್ಜ್ ಮಾಡಿದವು. ಅಲ್ಲಿ ಬೂಸ್ಟ್ ಏರಿಸಲು ಮಿನಿಗಿಂತ ಹೆಚ್ಚು ಅವಕಾಶವಿದೆ.

ಸೂಪರ್‌ಚಾರ್ಜರಿನ ಪುಲ್ಲಿ ಚಿಕ್ಕದು ಮಾಡುವ ಬದಲು ಕ್ರ್ಯಾಂಕಿನ ಪುಲ್ಲಿಯನ್ನು ದೊಡ್ಡದು ಮಾಡುವವರೂ ಇದ್ದಾರೆ. ಬೆಲ್ಟಿನ ಹಿಡಿತಕ್ಕೆ ಅದು ಒಳ್ಳೆಯದೇ. ಆದರೆ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಎಲ್ಲವೂ ವೇಗವಾಗಿ ತಿರುಗತೊಡಗುತ್ತವೆ. ಅದಕ್ಕಿಂತ ಗಂಭೀರ ಸಂಗತಿಯೆಂದರೆ ಕ್ರ್ಯಾಂಕಿನ ಪುಲ್ಲಿಯೊಳಗೆ ರಬ್ಬರ್ ಪದರದ ಡ್ಯಾಂಪರ್ ಇದೆ, ಕ್ರ್ಯಾಂಕ್‌ಶಾಫ್ಟಿನ ತಿರುಚು ಕಂಪನವನ್ನು ಅಡಗಿಸುವುದು ಅದೇ. ತೂಕ ಉಳಿಸುವ ನೆಪದಲ್ಲಿ ಡ್ಯಾಂಪರ್ ಇಲ್ಲದ ಗಟ್ಟಿ ಅಲ್ಯುಮಿನಿಯಂ ಪುಲ್ಲಿ ಹಾಕುವುದು ರಸ್ತೆಯ ಕಾರಿಗೆ ಬೇಡವೇ ಬೇಡ.

ಜೋಡಿಸುವ ಮೊದಲು ಸೂಪರ್‌ಚಾರ್ಜರನ್ನೇ ಪರೀಕ್ಷಿಸಬೇಕು. ಎಂ45ರ ಎರಡೂ ತುದಿಗಳಲ್ಲಿ ಗೇರುಗಳಿಗೆಂದು ಪ್ರತ್ಯೇಕ ಎಣ್ಣೆ ಇರುತ್ತದೆ, ಎಂಜಿನ್ ಆಯಿಲ್ ಬದಲಿಸಿದಾಗ ಇದು ಬದಲಾಗುವುದಿಲ್ಲ. ಆರ್53ರಲ್ಲಿ ವಾಟರ್ ಪಂಪ್ ತಿರುಗುವುದು ಬೆಲ್ಟಿನಿಂದಲ್ಲ, ಸೂಪರ್‌ಚಾರ್ಜರಿನ ಹಿಂತುದಿಯ ಗೇರಿನಿಂದ. ಆ ತುದಿಯ ಎಣ್ಣೆ ಒಣಗಿ ಹಲ್ಲುಗಳು ಸವೆದರೆ ಪಂಪ್ ನಿಂತು ಎಂಜಿನ್ ಕುದಿಯುತ್ತದೆ. ಇಪ್ಪತ್ತು ವರ್ಷ ಹಳೆಯ ಕಾರಿನಲ್ಲಿ ಆ ಎಣ್ಣೆ ನೋಡದೆ ವೇಗ ಹೆಚ್ಚಿಸುವುದು ತಪ್ಪು.

ಪುಲ್ಲಿ ಶಾಫ್ಟಿನ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ಮಾಮೂಲಿ ಮೂರು ಕೊಕ್ಕೆಯ ಪುಲ್ಲರ್ ಹಾಕಿ ಎಳೆದರೆ ಅಂಚು ಮುರಿದು ಬರುತ್ತದೆ, ಪುಲ್ಲಿ ಅಲ್ಲೇ ಉಳಿಯುತ್ತದೆ. ಇದಕ್ಕೆಂದೇ ಮಾಡಿದ, ಗೀರುಗಳನ್ನು ಸುತ್ತಲೂ ಅಪ್ಪಿ ಹಿಡಿಯುವ ಪುಲ್ಲರ್ ಬೇಕು. ಹೊಸ ಪುಲ್ಲಿಯನ್ನು ಬಿಸಿ ಮಾಡಿ ಹಿಗ್ಗಿಸಿ ಕೂರಿಸುತ್ತಾರೆ. ಸುತ್ತಿಗೆಯಿಂದ ಬಡಿದರೆ ಪೆಟ್ಟು ಒಳಗಿನ ಬೇರಿಂಗಿಗೆ ಬೀಳುತ್ತದೆ. ಪುಲ್ಲಿ ಹಿಂದಿನದರ ನೇರದಲ್ಲೇ ಕೂತಿದೆಯೇ ಎಂದು ಅಳೆದು ನೋಡಬೇಕು, ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಲ್ಟಿನ ಅಂಚು ಸವೆಯುತ್ತದೆ. ಆಮೇಲೆ ಸ್ಕ್ಯಾನರ್ ಜೋಡಿಸಿ ಒಳಗಾಳಿಯ ಉಷ್ಣತೆ, ಕಿಡಿ ಎಷ್ಟು ತಡವಾಗುತ್ತಿದೆ, ಗಾಳಿ–ಪೆಟ್ರೋಲ್ ಪ್ರಮಾಣ ಇವನ್ನು ಬಿಸಿಲಿನ ದಿನ ದಾಖಲಿಸಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೆಲ್ಟನ್ನು ಮತ್ತೊಮ್ಮೆ ನೋಡಬೇಕು.

ಕಾನೂನು ಊರಿಗೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಮೇಲೆ ಪರಿಣಾಮ ಬೀರುವ ಬಿಡಿಭಾಗಕ್ಕೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ವಿನಾಯಿತಿ ಆದೇಶ ಬೇಕು, ಬ್ರಿಟನ್ನಿನಲ್ಲಿ ವಿಮಾ ಕಂಪನಿಗೆ ಬದಲಾವಣೆಯನ್ನು ತಿಳಿಸಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಪುಲ್ಲಿ ಕೊಳ್ಳುವ ಮೊದಲೇ ಆರ್‌ಟಿಒ ಮತ್ತು ವಿಮಾ ಕಂಪನಿ ಎರಡರಲ್ಲೂ ವಿಚಾರಿಸುವುದು ಒಳಿತು.