ಮೀನು ಮಾರುವವನಿಗೆ ನೀರು ತಿಳಿದಿರಬೇಕು

ಹೊಸದಾಗಿ ಕೊಂಡು ತಂದ ಮೀನುಗಳು ಸಾಯುವುದಕ್ಕೂ ಒಂದು ಕಾಲಕ್ರಮವುಂಟು. ಮೊದಲ ದಿನ ಅವು ಚುರುಕಾಗಿ ಓಡಾಡುತ್ತವೆ. ಮನೆಯ ಮಕ್ಕಳೆಲ್ಲ ಗಾಜಿಗೆ ಮೂಗನ್ನೊತ್ತಿ ನಿಲ್ಲುತ್ತಾರೆ. ನಾಲ್ಕೈದು ದಿನಗಳಾದ ಮೇಲೆ ಒಂದು ಮೀನು ಮೂಲೆ ಹಿಡಿಯುತ್ತದೆ. ವಾರ ಕಳೆಯುವುದರೊಳಗೆ ಅದು ಸತ್ತು ತೇಲುತ್ತದೆ. ಮತ್ತೆರಡು ಅದನ್ನು ಹಿಂಬಾಲಿಸುತ್ತವೆ. ಮನೆಯವರು ಅಂಗಡಿಗೆ ಹೋಗಿ ವಿಚಾರಿಸಿದರೆ, ಅಂಗಡಿಯವನು ನೀಲಿಬಣ್ಣದ ಔಷಧದ ಸೀಸೆಯೊಂದನ್ನೂ ಇನ್ನು ನಾಲ್ಕು ಮೀನುಗಳನ್ನೂ ಕೊಟ್ಟು ಕಳುಹಿಸುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲದಿರಬಹುದು. ಅನೇಕ ವೇಳೆ ಅವನಿಗೆ ತಿಳಿದಿರುವುದೇ ಅಷ್ಟು.

ಹಾಗಾದರೆ ಅವನಿಗೆ ಎಷ್ಟು ತಿಳಿದಿರಬೇಕು? ಬೈಸಿಕಲ್ಲು ಮಾರುವವನಿಗೆ ಲೋಹಶಾಸ್ತ್ರ ಗೊತ್ತಿರಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಔಷಧದ ಅಂಗಡಿಯಲ್ಲಾದರೋ ತರಬೇತಿ ಪಡೆದವನೊಬ್ಬನು ಇರಬೇಕೆಂದು ಕಾನೂನೇ ವಿಧಿಸುತ್ತದೆ. ಅಲಂಕಾರದ ಮೀನುಗಳ ಅಂಗಡಿ ಇವೆರಡರ ನಡುವೆ ಎಲ್ಲಿಯೋ ನಿಂತಿದೆ. ಅಲ್ಲಿ ಮಾರಾಟವಾಗುವುದು ಜೀವ. ಆದರೆ ಆ ಜೀವ ನಾಯಿಮರಿಯಂತೆ ಕುಂಯ್‌ಗುಡುವುದಿಲ್ಲ, ಬೆಕ್ಕಿನಂತೆ ಮುನಿದು ಮನೆ ಬಿಟ್ಟು ಹೋಗುವುದೂ ಇಲ್ಲ. ಉಸಿರು ಕಟ್ಟಿದರೂ ಸದ್ದಿಲ್ಲದೆ ಕಟ್ಟುತ್ತದೆ. ಮೀನಿನ ಲ್ಯಾಟಿನ್ ಹೆಸರು ಮಾರುವವನಿಗೆ ಬಾರದಿದ್ದರೆ ಅಡ್ಡಿಯಿಲ್ಲ. ಆದರೆ ನೀರಿನ ವಿಷಯವಾಗಿ ಕೆಲವು ಸಂಗತಿಗಳು ಅವನಿಗೆ ತಿಳಿದಿರಲೇಬೇಕೆಂದು ನನ್ನ ಅಭಿಪ್ರಾಯ. ಅವು ಪ್ರೌಢಶಾಲೆಯ ವಿದ್ಯಾರ್ಥಿಗೆ ಎಟುಕದಂಥವೇನೂ ಅಲ್ಲ.

ಅಂಗಡಿಯ ಮುಂದುಗಡೆ ಸಾಲಾಗಿ ಇಟ್ಟಿರುವ ಗೋಳಾಕಾರದ ಗಾಜಿನ ಬೋಗುಣಿಯನ್ನೇ ಮೊದಲು ನೋಡೋಣ. ಅದರ ವ್ಯಾಸ ೩೦ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸರಿಯಾಗಿ ಅರ್ಧದವರೆಗೆ ನೀರು ತುಂಬಿದರೆ ಅದು ಸುಮಾರು ೭ ಲೀಟರ್ ಹಿಡಿಯುತ್ತದೆ. ಗಾಳಿಗೆ ತೆರೆದುಕೊಂಡ ನೀರಿನ ಮೇಲ್ಮೈ ಸುಮಾರು ೭೦೭ ಚದರ ಸೆಂಟಿಮೀಟರ್. ಆದರೆ ಅರ್ಧ ತುಂಬಿದ ಬೋಗುಣಿ ನೋಡಲು ಚೆನ್ನಾಗಿರುವುದಿಲ್ಲವೆಂದು ಕಂಠದವರೆಗೂ ತುಂಬುತ್ತೇವೆ. ಕಂಠದ ಬಳಿ ವ್ಯಾಸ ೧೫ ಸೆಂಟಿಮೀಟರಿಗೆ ಇಳಿದಿದೆಯೆನ್ನೋಣ. ಈಗ ನೀರು ಹತ್ತಿರ ಹತ್ತಿರ ೧೪ ಲೀಟರ್; ಮೇಲ್ಮೈ ೧೭೭ ಚದರ ಸೆಂಟಿಮೀಟರ್ ಮಾತ್ರ. ನೀರು ಇಮ್ಮಡಿಯಾಯಿತು, ಮೀನು ಉಸಿರಾಡುವ ಕಿಟಕಿ ಕಾಲುಭಾಗಕ್ಕೆ ಕುಗ್ಗಿತು! ರೇಖಾಗಣಿತದ ಈ ಸಣ್ಣ ಲೆಕ್ಕವನ್ನು ಯಾರಾದರೂ ಒಂದು ಕಾಗದದ ಮೇಲೆ ಮಾಡಿ ನೋಡಬಹುದು.

ಮೇಲ್ಮೈಗೆ ಇಷ್ಟು ಪ್ರಾಮುಖ್ಯ ಏಕೆ? ನೀರಿಗೆ ಆಮ್ಲಜನಕ ಬರುವುದು ಬಹುಮಟ್ಟಿಗೆ ಅಲ್ಲಿಂದಲೇ. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೭೫ ಮಿಲಿಗ್ರಾಂ ಆಮ್ಲಜನಕವಿದ್ದರೆ, ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಹೆಚ್ಚೆಂದರೆ ೯ ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. ಉಷ್ಣತೆ ೩೦ ಡಿಗ್ರಿಗೆ ಏರಿದರೆ ಅದೂ ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಮೀನಿನ ದೇಹವ್ಯಾಪಾರ ಚುರುಕಾಗಿ ಅದಕ್ಕೆ ಆಮ್ಲಜನಕ ಇನ್ನೂ ಹೆಚ್ಚಾಗಿ ಬೇಕಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ಕಂಡು ‘ಹಸಿವಾಗಿದೆ’ ಎಂದು ತಿಳಿದು ಇನ್ನಷ್ಟು ತಿಂಡಿ ಹಾಕುವವರುಂಟು. ಅದು ಹಸಿವಲ್ಲ, ಏದುಸಿರು.

ಇಷ್ಟೇ ಅಲ್ಲ. ಮೇಲ್ಮೈಯನ್ನು ದಾಟಿ ಬಂದ ಆಮ್ಲಜನಕ ತಳವನ್ನು ಮುಟ್ಟುವುದು ಬಲು ನಿಧಾನ. ನಿಂತ ನೀರಿನಲ್ಲಿ ಅದರ ವಿಸರಣ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಮಂದ. ನೀರು ಕಿಂಚಿತ್ತೂ ಅಲುಗಾಡದೆ ಇದ್ದರೆ, ಕೇವಲ ವಿಸರಣದಿಂದ ಹತ್ತು ಸೆಂಟಿಮೀಟರ್ ಕೆಳಗಿಳಿಯಲು ಸುಮಾರು ಒಂದು ತಿಂಗಳೇ ಹಿಡಿಯುತ್ತದೆ! ನಿಜವಾದ ತೊಟ್ಟಿಯಲ್ಲಿ ಮೀನಿನ ಬಾಲ, ಉಷ್ಣತೆಯ ಏರಿಳಿತ ಇವು ನೀರನ್ನು ಕಲಕುತ್ತಿರುವುದರಿಂದ ಅಷ್ಟು ಕಾಲ ಬೇಕಾಗುವುದಿಲ್ಲವೆನ್ನಿ. ಏರ್ ಪಂಪಿನ ಗುಳ್ಳೆಗಳು ಮಾಡುವ ಮುಖ್ಯ ಉಪಕಾರವೂ ಇದೇ. ಗುಳ್ಳೆಯೊಳಗಿನ ಗಾಳಿ ನೀರಿಗಿಳಿಯುವುದು ಸ್ವಲ್ಪ. ಗುಳ್ಳೆಗಳ ಸಾಲು ತಳದ ನೀರನ್ನು ಮೇಲಕ್ಕೆ ಎಳೆತಂದು ಗಾಳಿಗೆ ಒಡ್ಡುವುದು ಹೆಚ್ಚು. ಬೋಗುಣಿಯನ್ನು ಕೇಳಿ ಬಂದ ಗಿರಾಕಿಗೆ, ‘ಇದರ ಬದಲು ಅಗಲವಾದ ತೊಟ್ಟಿ ಕೊಳ್ಳಿ’ ಎಂದು ಹೇಳಬಲ್ಲವನು ಈ ಭೌತಶಾಸ್ತ್ರವನ್ನು ಅರಿತವನು. ಶಾಲೆಯಲ್ಲಿ ಕಲಿತನೋ ಅನುಭವದಿಂದ ಕಲಿತನೋ ಅದು ಬೇರೆ ಮಾತು.

ಆದರೆ ಮೊದಲ ವಾರಗಳ ಸಾವಿಗೆ ಆಮ್ಲಜನಕದ ಕೊರತೆಯೊಂದೇ ಕಾರಣವಲ್ಲ. ಇನ್ನೊಂದು ಕಾರಣವನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾಗಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ೧೮೫೦ರಲ್ಲಿ ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದನು. ನೀರಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್ ಫಿಷ್‌ಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಆತ ಒಟ್ಟಿಗೆ ಇಟ್ಟಿದ್ದನು. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸಸ್ಯ ಬಳಸಿಕೊಂಡು ಆಮ್ಲಜನಕವನ್ನು ಹಿಂದಿರುಗಿಸಿತು. ಕೊಳೆಯುವ ಎಲೆಗಳಿಂದ ನೀರು ಕದಡಿದಾಗ ಆತ ನೀರು ಬಸವನಹುಳುಗಳನ್ನು ಬಿಟ್ಟನು. ಅವು ಎಲೆಗಳನ್ನು ತಿಂದು ತೀರಿಸಿದವು. ಮೂರು ವರ್ಷಗಳ ತರುವಾಯ, ೧೮೫೩ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯವೊಂದು ತೆರೆಯಿತು. ಮನೆಗಳಲ್ಲಿ ಗಾಜಿನ ತೊಟ್ಟಿ ಇಡುವ ಹುಚ್ಚು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು.

ಮೀನು, ಗಿಡ, ಹುಳು ಈ ಮೂವರ ಒಪ್ಪಂದದಲ್ಲಿ ನಾಲ್ಕನೆಯವನೊಬ್ಬನು ಸೇರಿದ್ದುದು ವಾರಿಂಗ್‌ಟನ್ನನಿಗೆ ತಿಳಿಯಲಿಲ್ಲ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಬಿಡುತ್ತಿರುತ್ತದೆ. ಅಮೋನಿಯ ವಿಷ. ಅದು ಸಂಗ್ರಹವಾಗದಂತೆ ನೋಡಿಕೊಳ್ಳುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಅಮೋನಿಯ ನೈಟ್ರೇಟಾಗಿ ಮಾರ್ಪಡುವುದು ಜೀವಿಗಳ ಕೆಲಸವೆಂದು ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ೧೮೭೭ರಲ್ಲಿ ತೋರಿಸಿದರು. ಈ ಕೆಲಸ ಎರಡು ಮೆಟ್ಟಿಲುಗಳಲ್ಲಿ, ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆಯೆಂದು ತೋರಿಸಿದವನು ಯಾರೆಂದುಕೊಂಡಿರಿ? ರಾಬರ್ಟ್ ವಾರಿಂಗ್‌ಟನ್ನನೇ! ಆದರೆ ಇವನು ಆ ವಾರಿಂಗ್‌ಟನ್ನನ ಮಗ, ತಂದೆಯ ಹೆಸರನ್ನೇ ಹೊತ್ತವನು. ರಾಥಮ್‌ಸ್ಟೆಡ್ಡಿನ ಕೃಷಿಸಂಶೋಧನಾ ಕೇಂದ್ರದಲ್ಲಿ ಮಣ್ಣನ್ನು ಕುರಿತು ಕೆಲಸಮಾಡುತ್ತಿದ್ದವನು. ತಂದೆಯ ತೊಟ್ಟಿಯಲ್ಲಿ ನಡೆದದ್ದರ ಅರ್ಥವನ್ನು ಮಗ ಹೊಲದ ಮಣ್ಣಿನಲ್ಲಿ ಹುಡುಕಿದನು. ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸುವುದು ಅವನಿಂದಾಗಲಿಲ್ಲ. ೧೮೯೦ರಲ್ಲಿ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದನು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಎರಡು ಮೆಟ್ಟಿಲುಗಳನ್ನೂ ಒಂದೇ ಬ್ಯಾಕ್ಟೀರಿಯ ಹತ್ತಬಲ್ಲುದೆಂಬುದು ೨೦೧೫ರಲ್ಲಿ ಬೆಳಕಿಗೆ ಬಂದಿತು. ಅಂಥ ಜೀವಿ ದೊರೆತ ಎಡೆಗಳಲ್ಲಿ ಒಂದು, ಮೀನು ಸಾಕಣೆಯ ತೊಟ್ಟಿಗೆ ಜೋಡಿಸಿದ್ದ ಶೋಧಕ.

ಈ ಬ್ಯಾಕ್ಟೀರಿಯಗಳು ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಅವು ಬಂದು, ಮರಳಿಗೂ ಶೋಧಕದ ಸ್ಪಂಜಿಗೂ ಅಂಟಿಕೊಂಡು, ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳು ಬೇಕು. ಆ ಅವಧಿಯಲ್ಲಿ ಮೊದಲು ಅಮೋನಿಯ ಏರುತ್ತದೆ. ಬಳಿಕ ನೈಟ್ರೈಟ್ ಏರುತ್ತದೆ. ಅದೂ ವಿಷವೇ, ರಕ್ತವು ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಕೊನೆಗೆ ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಉಳಿಯುತ್ತದೆ. ಮೊದಲು ಹೇಳಿದ ಸಾವಿನ ಕಾಲಕ್ರಮ ಎಲ್ಲಿಂದ ಬಂದಿತೆಂಬುದು ಈಗ ಸ್ಪಷ್ಟವಾಯಿತಷ್ಟೆ. ನೀರಿನ ಕ್ಷಾರಗುಣವೂ ಇದರಲ್ಲಿ ಕೈಹಾಕುತ್ತದೆ. ಪಿಎಚ್ ಏಳರಿಂದ ಎಂಟಕ್ಕೆ ಏರಿದರೆ ವಿಷರೂಪದಲ್ಲಿರುವ ಅಮೋನಿಯದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಆದುದರಿಂದ ಗಿರಾಕಿಯ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರೋ ನಲ್ಲಿಯ ನೀರೋ ಎಂದು ಅಂಗಡಿಯವನು ಕೇಳಿದರೆ ಅದು ಬರಿಯ ಕುತೂಹಲವಲ್ಲ.

ಇಲ್ಲಿ ಅರೆತಿಳಿವಳಿಕೆಯ ಸಲಹೆ ಅಪಾಯಕ್ಕೆ ದಾರಿಯಾಗುತ್ತದೆ. ‘ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಮರಳು ಸ್ಪಂಜು ಎಲ್ಲ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯಿರಿ’ ಎಂಬ ಮಾತು ಕೇಳುವುದಕ್ಕೆ ಶುಚಿತ್ವದ ಬೋಧನೆಯಂತಿದೆ. ಆದರೆ ನಲ್ಲಿಯ ನೀರಿನಲ್ಲಿರುವ ಕ್ಲೋರಿನ್, ಕಷ್ಟಪಟ್ಟು ಬೆಳೆದ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ತೊಟ್ಟಿ ಮತ್ತೆ ಮೊದಲನೆಯ ದಿನಕ್ಕೆ ಮರಳುತ್ತದೆ. ಕಾಲುಭಾಗ ನೀರನ್ನು ಮಾತ್ರ ಬದಲಾಯಿಸಿ, ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಬೇಕು. ಆ ನೀಲಿ ಔಷಧ, ಮಿಥಿಲೀನ್ ಬ್ಲೂ, ಶಿಲೀಂಧ್ರದ ಸೋಂಕಿಗೆ ಉಪಯುಕ್ತವಾದುದೇ. ಅಮೋನಿಯದಿಂದ ನರಳುವ ತೊಟ್ಟಿಗೆ ಸುರಿದರೆ ಮಾತ್ರ ಅದು ಈ ಬ್ಯಾಕ್ಟೀರಿಯಗಳಿಗೇ ಕೇಡು ಮಾಡುತ್ತದೆ. ರೋಗಕ್ಕಿಂತ ಮದ್ದೇ ಬೇಗ ಕೊಂದಂತಾಯಿತು.

ಹಾಗೆಂದು ಅಂಗಡಿಯ ಹುಡುಗರನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಶಾಲೆಯನ್ನು ನಡುವೆಯೇ ಬಿಟ್ಟು ಬಂದು, ಹತ್ತು ವರ್ಷ ತೊಟ್ಟಿಗಳ ನಡುವೆ ಕಳೆದ ಹುಡುಗನ ಕಣ್ಣು ಅಸಾಧಾರಣವಾದುದು. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಈಜುವ ಮೀನನ್ನೂ, ಉಪ್ಪಿನ ಹರಳಿನಂತೆ ಬಿಳಿಚುಕ್ಕೆ ಮೂಡುವ ಮೊದಲೇ ಕಲ್ಲಿಗೆ ಮೈ ಉಜ್ಜುವ ಮೀನನ್ನೂ ಅವನು ದೂರದಿಂದಲೇ ಗುರುತಿಸುತ್ತಾನೆ. ಪುಸ್ತಕ ಓದಿದವನಿಗೆ ಇದು ಬರುವುದು ತಡವಾಗಿ. ‘ಒಂದು ಹಿಡಿ ಕಲ್ಲುಪ್ಪು ಹಾಕಿ ನೋಡಿ’ ಎಂಬ ಅವನ ಮಾತನ್ನು ಅಜ್ಜಿಯ ಮದ್ದೆಂದು ನಗಬೇಕಾಗಿಲ್ಲ. ಉಪ್ಪಿನ ಕ್ಲೋರೈಡ್ ಅಂಶ ಕಿವಿರುಗಳಲ್ಲಿ ನೈಟ್ರೈಟಿಗೆ ಪೈಪೋಟಿ ಕೊಟ್ಟು ಅದು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಅವನ ಕೈಗೆ ತಿಳಿದಿರುವುದಕ್ಕೆ ಕಾರಣವೂ ತಿಳಿದುಬಿಟ್ಟರೆ, ಉಪ್ಪು ಎಲ್ಲಿ ನೆರವಾಗುತ್ತದೆ ಎಲ್ಲಿ ಆಗುವುದಿಲ್ಲ ಎಂಬ ವಿವೇಕವೂ ಬಂದೀತು.

ಮೀನಿನ ಜಾತಿಯ ವಿಷಯದಲ್ಲಿ ಅವನಿಗೆ ಬೇಕಾದದ್ದು ಮೂರು ವಿವರಗಳು: ಎಷ್ಟು ದೊಡ್ಡದಾಗುತ್ತದೆ, ಎಂಥ ನೀರಿನಿಂದ ಬಂದಿದೆ, ಯಾರೊಡನೆ ಬಾಳುತ್ತದೆ. ಬೆರಳುದ್ದದ ಗೋಲ್ಡ್ ಫಿಷ್ ಕೆಂಡೆಮೀನಿನ ಬಳಗದ್ದು. ಸರಿಯಾಗಿ ಸಾಕಿದರೆ ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ‘ಗಾಜು ಸ್ವಚ್ಛ ಮಾಡುತ್ತದೆ’ ಎಂದು ಕೊಡುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ನಲವತ್ತು ಸೆಂಟಿಮೀಟರ್ ಮೀರಿ ಬೆಳೆಯಬಲ್ಲುದು. ತೊಟ್ಟಿಗೆ ಹಿಡಿಸದಾದಾಗ ಜನ ಅದನ್ನು ಕೆರೆಗೆ ಬಿಡುತ್ತಾರೆ. ಹೀಗೆ ಬಿಟ್ಟವುಗಳ ಸಂತತಿ ದಕ್ಷಿಣ ಭಾರತದ ಅನೇಕ ಜಲಾಶಯಗಳಲ್ಲಿ ನೆಲೆಯೂರಿ, ತನ್ನ ಗಡುಸು ಮೈಯಿಂದ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಫೈಟರ್ ಎಂದು ಕರೆಯುವ ಸಯಾಮಿನ ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲುದು. ಅದಕ್ಕಾಗಿಯೇ ಅದನ್ನು ಲೋಟದಷ್ಟು ನೀರಿನಲ್ಲಿ ಇಟ್ಟು ಮಾರುತ್ತಾರೆ. ಆಮ್ಲಜನಕ ಸಿಕ್ಕಿತು ಸರಿ, ಅಮೋನಿಯ ಎಲ್ಲಿಗೆ ಹೋಗಬೇಕು? ಇನ್ನು ‘ಮಿಸ್ ಕೇರಳ’ ಎಂಬ ಕೆಂಪುಗೆರೆಯ ಸುಂದರಿ ನಮ್ಮ ಪಶ್ಚಿಮಘಟ್ಟದ್ದೇ, ಕೇರಳ ಮತ್ತು ಕರ್ನಾಟಕದ ತೊರೆಗಳದ್ದು. ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರಿನಲ್ಲಿ ಹಿಂಡಾಗಿ ಬಾಳುವ ಮೀನು. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕೃತಕವಾಗಿ ಮರಿ ಮಾಡಿಸುವ ಕ್ರಮ ಈಗ ಇರುವುದರಿಂದ, ಮಾರಾಟಕ್ಕಿರುವುದು ಹೊಳೆಯಲ್ಲಿ ಹಿಡಿದದ್ದೋ ಸಾಕಿ ಬೆಳೆಸಿದ್ದೋ ಎಂಬುದು ಮಾರುವವನಿಗೆ ಗೊತ್ತಿರಬೇಕು. ಒಂಟಿಯಾಗಿ ಒಂದನ್ನು ಬೋಗುಣಿಗೆ ಹಾಕಿ ಕೊಟ್ಟು, ‘ಏನೂ ಆಗಲ್ಲ ಸಾರ್, ಹೊಂದಿಕೊಳ್ಳುತ್ತೆ’ ಎನ್ನುವುದು ಸಲ್ಲದು.

ವಾರಿಂಗ್‌ಟನ್ನರ ದೇಶದಲ್ಲಿ ಈ ಪ್ರಶ್ನೆಯನ್ನು ಕಾನೂನಿನ ಮೂಲಕ ಬಗೆಹರಿಸಲು ಯತ್ನಿಸಿದ್ದಾರೆ. ಹನ್ನೆರಡು ವರ್ಷಕ್ಕೆ ಕಡಿಮೆಯ ಮಕ್ಕಳಿಗೆ ಸಾಕುಪ್ರಾಣಿಯನ್ನು ಮಾರಬಾರದೆಂದು ಬ್ರಿಟನ್ನಿನ ೧೯೫೧ರ ಶಾಸನ ಹೇಳಿತ್ತು. ೨೦೦೬ರ ಶಾಸನದಿಂದ ಇಂಗ್ಲೆಂಡಿನಲ್ಲಿ ಈ ಮಿತಿ ಹದಿನಾರಕ್ಕೆ ಏರಿತು. ಮೀನಿಗೂ ಬೆನ್ನೆಲುಬಿರುವುದರಿಂದ ಅದೂ ಇದರೊಳಗೆ ಸೇರಿದೆ. ೨೦೧೮ರ ನಿಯಮಗಳ ಪ್ರಕಾರ ಇಂಗ್ಲೆಂಡಿನಲ್ಲಿ ಸಾಕುಪ್ರಾಣಿಗಳ ಅಂಗಡಿಗೆ ಪರವಾನಗಿ ಬೇಕು. ಕೆಲಸಗಾರರಿಗೆ ತಕ್ಕ ಯೋಗ್ಯತೆ ಇರಬೇಕು. ಕೊಳ್ಳುವವನಿಗೆ ಪಾಲನೆಯ ವಿವರಗಳನ್ನು ತಿಳಿಸಬೇಕು. ಇದು ಒಳ್ಳೆಯದೇ. ಆದರೂ ಕಾನೂನು ಗಿರಾಕಿಯ ಅವಸರವನ್ನು ನೀಗಿಸಲಾರದು. ಹುಟ್ಟುಹಬ್ಬದ ಸಂಜೆಗೆ ತೊಟ್ಟಿ, ಮರಳು, ಮೀನು ಎಲ್ಲವೂ ಒಮ್ಮೆಗೇ ಆಗಬೇಕೆಂದು ಬಂದ ತಂದೆಗೆ ‘ಇವತ್ತು ಮೀನು ಬೇಡ’ ಎಂದು ಹೇಳಿದರೆ, ಅವನು ಎದುರಿನ ಅಂಗಡಿಗೆ ಹೋಗುತ್ತಾನೆ. ಸಣ್ಣ ಲಾಭದಲ್ಲಿ ಅಂಗಡಿ ನಡೆಸುವವನಿಗೆ ಇದು ಸುಲಭದ ಮಾತಲ್ಲ.

ಆದುದರಿಂದ ವಿದ್ಯಾರ್ಥಿಗಳಾದ ನೀವು ಅಂಗಡಿಗೆ ಹೋದಾಗ ಪರೀಕ್ಷಕರಾಗಿ. ‘ಈ ಮೀನು ಎಷ್ಟು ದೊಡ್ಡದಾಗುತ್ತದೆ, ಅಣ್ಣಾ?’ ಎಂದು ಕೇಳಿ. ‘ನಿಮ್ಮ ಮನೆಯ ತೊಟ್ಟಿ ಎಷ್ಟು ಲೀಟರಿನದು, ಎಷ್ಟು ದಿನದ ಹಳೆಯದು?’ ಎಂದು ಅವನೇ ತಿರುಗಿ ಪ್ರಶ್ನಿಸಿದರೆ ಅಲ್ಲಿಯೇ ನಿಲ್ಲಿ. ಅಮೋನಿಯವನ್ನು ಅಳೆಯುವ ದ್ರಾವಣದ ಸೀಸೆ ಅಂಗಡಿಯಲ್ಲಿದೆಯೇ, ಅದರ ಮುಚ್ಚಳ ಒಮ್ಮೆಯಾದರೂ ತೆರೆದಿದೆಯೇ, ನೋಡಿ. ಕೊನೆಯದಾಗಿ, ಇಂದು ತೊಟ್ಟಿ ಕೊಂಡರೆ ಮೀನನ್ನು ಎಂದು ಬಿಡಬಹುದೆಂದು ಕೇಳಿ. ‘ಈಗಲೇ’ ಎಂಬುದು ಒಂದು ಉತ್ತರ. ‘ಕೆಲವು ವಾರ ಕಾಯಿರಿ’ ಎಂಬುದು ಇನ್ನೊಂದು. ಎಲ್ಲಕ್ಕಿಂತ ಉತ್ತಮವಾದ ಉತ್ತರ ಕೊಡುವವನು, ತನ್ನ ಹಳೆಯ ತೊಟ್ಟಿಯ ಶೋಧಕದಿಂದ ಕಂದುಬಣ್ಣಕ್ಕೆ ತಿರುಗಿದ ಸ್ಪಂಜಿನ ತುಂಡೊಂದನ್ನು ಕತ್ತರಿಸಿ, ಒಣಗದಂತೆ ಅದೇ ನೀರಿನಲ್ಲಿ ಚೀಲಕ್ಕೆ ಹಾಕಿ ಕೊಡುತ್ತಾನೆ. ಬೆಲೆಯ ಚೀಟಿಯಿಲ್ಲದ ಆ ಕೊಳಕು ಸ್ಪಂಜಿನಲ್ಲಿ ವಾರಗಟ್ಟಲೆ ಕಾಯಬೇಕಾಗಿದ್ದ ಬ್ಯಾಕ್ಟೀರಿಯಗಳು ಆಗಲೇ ಮನೆ ಮಾಡಿರುತ್ತವೆ. ಅದರೊಡನೆ ರೋಗಾಣುಗಳೂ ಬರಬಹುದು. ಕಾಯಿಲೆಯ ಮೀನಿರುವ ತೊಟ್ಟಿಯಿಂದ ಅದನ್ನು ಕತ್ತರಿಸಬಾರದೆಂಬುದು ಆ ಬಲ್ಲವನಿಗೆ ತಿಳಿದೇ ಇರುತ್ತದೆ.