ಆನ್‌ಲೈನ್ ಪಾಠವೂ ತರಗತಿಯ ಪಾಠವೂ: ವಿದ್ಯಾರ್ಥಿಗಳ ಅಭಿಪ್ರಾಯವನ್ನು ಅಳೆಯುವ ಬಗೆ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠವು ಮೆಚ್ಚಿಕೆಯೋ, ತರಗತಿಯಲ್ಲಿ ಗುರುಮುಖೇನ ಕೇಳುವ ಪಾಠವು ಮೆಚ್ಚಿಕೆಯೋ ಎಂಬ ಪ್ರಶ್ನೆಯನ್ನು ಕೋವಿಡ್ ಕಾಲದಿಂದೀಚೆಗೆ ಹಲವರು ಕೇಳಿರುವರು. ಉತ್ತರಗಳು ಪರಸ್ಪರ ವಿರುದ್ಧವಾಗಿ ತೋರುವುದಕ್ಕೆ ವಿದ್ಯಾರ್ಥಿಗಳ ಚಂಚಲತೆಯು ಕಾರಣವಲ್ಲ. ಪ್ರಶ್ನೆಯನ್ನು ಹಾಕಿದ ರೀತಿಯೇ ಕಾರಣವೆಂದು ನಮ್ಮ ಅಭಿಪ್ರಾಯ.

ನಮ್ಮ ನಾಡಿನಲ್ಲಿ ಈ ವಿಷಯವು ಒಮ್ಮೆ ಪ್ರತ್ಯಕ್ಷ ಪರೀಕ್ಷೆಗೆ ಬಂದಿತ್ತು. ೨೦೨೦ನೆಯ ಮಾರ್ಚಿನಲ್ಲಿ ಮುಚ್ಚಿದ ಕಾಲೇಜುಗಳು ಕರ್ನಾಟಕದಲ್ಲಿ ಅದೇ ವರ್ಷ ನವೆಂಬರ್ ೧೭ರಂದು ತೆರೆದಾಗ, ಬರುವುದನ್ನೂ ಬಾರದಿರುವುದನ್ನೂ ವಿದ್ಯಾರ್ಥಿಗಳ ಇಚ್ಛೆಗೆ ಬಿಡಲಾಗಿತ್ತು. ಮೊದಲ ದಿನಗಳಲ್ಲಿ ಬಂದವರು ಬಹು ವಿರಳ. ಇದರಿಂದ ಅವರು ಆನ್‌ಲೈನ್ ಪಾಠವನ್ನೇ ಮೆಚ್ಚಿದರೆಂದು ನಿರ್ಣಯಿಸಬಹುದೆ? ಖಂಡಿತ ಕೂಡದು. ಬರುವವರು ಕೋವಿಡ್ ಪರೀಕ್ಷೆಯ ವರದಿಯನ್ನೂ ತಂದೆತಾಯಿಗಳ ಒಪ್ಪಿಗೆಯ ಪತ್ರವನ್ನೂ ತರಬೇಕಾಗಿತ್ತೆಂಬುದನ್ನು ಮರೆಯಲಾಗದು.

ಘಟಪ್ರಭೆಯ ದಡದ ಮಸಗುಪ್ಪಿಯಂಥ ಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಯ ವಿದ್ಯಾರ್ಥಿ ಗೋಕಾಕಕ್ಕೋ ಮೂಡಲಗಿಗೋ ಹೋಗಿ ಓದಬೇಕಾದರೆ ಬಸ್ಸು ಬೇಕು. ೨೦೧೦ರಲ್ಲಿ ಸ್ಥಾಪಿತವಾದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕಾದರೆ ಬೆಳಗಾವಿಯ ಕಡೆ ವಸತಿ ಬೇಕು. ಇವೆರಡೂ ಇಲ್ಲದಾಗ ಮನೆಯಲ್ಲಿ ಉಳಿಯುವುದು ನಿರುಪಾಯವೇ ಹೊರತು ಮೆಚ್ಚಿಕೆಯಲ್ಲ. ಹಾಗೆ ಉಳಿದವರಿಗೆಲ್ಲ ಪಾಠವು ದೊರೆಯಿತೆಂದೂ ಹೇಳುವಂತಿಲ್ಲ. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದವು ಶೇಕಡ ೪.೪, ಇಂಟರ್‌ನೆಟ್ ಸೌಕರ್ಯವಿದ್ದವು ಶೇಕಡ ೧೪.೯ ಮಾತ್ರ, ಪಟ್ಟಣಗಳಲ್ಲಿ ಕ್ರಮವಾಗಿ ೨೩.೪ ಮತ್ತು ೪೨. ತರುವಾಯ ಮೊಬೈಲುಗಳು ಹೆಚ್ಚಿದುವೆಂಬುದು ದಿಟ. ಆದರೆ ಮನೆಗೆ ಇರುವುದೊಂದೇ ಮೊಬೈಲು, ಅದೂ ತಂದೆಯ ಸಂಗಡ ಹೊಲಕ್ಕೆ ಹೋದರೆ, ಮಗಳ ತರಗತಿ ಅಂದಿಗೆ ಇಲ್ಲವೆಂದೇ ಅರ್ಥ.

ಆನ್‌ಲೈನ್ ಪಾಠದಲ್ಲಿ ಗುಣವಿಲ್ಲವೆಂದು ಇದರ ತಾತ್ಪರ್ಯವಲ್ಲ. ಮುದ್ರಿಸಿಟ್ಟ ಪಾಠವನ್ನು ಎರಡು ಸಲ ಕೇಳಬಹುದು. ಬಸ್ಸಿನ ಖರ್ಚು ಉಳಿಯುತ್ತದೆ. ಕಬ್ಬು ಕಡಿಯುವ ದಿನಗಳಲ್ಲಿ ಮನೆಯವರಿಗೆ ನೆರವಾಗುವ ಹುಡುಗನಿಗೆ ಇದು ಸಣ್ಣ ಲಾಭವಲ್ಲ. ರಸಾಯನಶಾಸ್ತ್ರದ ಪ್ರಯೋಗವನ್ನು ಮಾತ್ರ ಪರದೆಯ ಮೇಲೆ ನೋಡಿದ ಮಾತ್ರಕ್ಕೆ ಕೈಗೆ ಬಾರದು. ಒಬ್ಬನೇ ವಿದ್ಯಾರ್ಥಿ ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಬೇಡಿದರೆ ಅದರಲ್ಲಿ ವಿರೋಧವೇನೂ ಇಲ್ಲ.

೨೦೨೧ನೆಯ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ತನ್ನ ಕರಡಿನಲ್ಲಿ, ಪಾಠದ ಶೇಕಡ ೪೦ರಷ್ಟು ಆನ್‌ಲೈನ್ ಆಗಬಹುದೆಂದು ಸೂಚಿಸಿತು. ಇಂಥ ಅಂಕೆಯನ್ನು ನಿಶ್ಚಯಿಸುವವರು “ಯಾವುದು ಮೆಚ್ಚಿಕೆ?” ಎಂದು ಕೇಳುವುದಕ್ಕೆ ಮೊದಲು ಫೋನು ಯಾರದು, ಕುಳಿತು ಕೇಳಲು ಸ್ಥಳವುಂಟೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಆ ಉತ್ತರಗಳನ್ನು ಮೆಚ್ಚಿಕೆಯ ಉತ್ತರದ ಪಕ್ಕದಲ್ಲಿಯೇ ಬರೆದಿಡಬೇಕು.