ಹತ್ತೊಂಬತ್ತನೆಯ ಗೇಟು

ತುಂಗಭದ್ರಾ ಅಣೆಕಟ್ಟಿನ ಮಾತು ಬಂದಾಗ ನಾವೆಲ್ಲರೂ ಅದರ ಕಲ್ಲನ್ನು ಕೊಂಡಾಡುತ್ತೇವೆ; ಅದು ನ್ಯಾಯವೂ ಅಹುದು. 1945ರ ಫೆಬ್ರುವರಿಯಲ್ಲಿ ಒಂದು ದಡದಲ್ಲಿ ಮದರಾಸು ಪ್ರಾಂತದವರೂ ಇನ್ನೊಂದು ದಡದಲ್ಲಿ ಹೈದರಾಬಾದು ಸಂಸ್ಥಾನದವರೂ ಅಸ್ತಿಭಾರವನ್ನಿಟ್ಟು, ಬ್ರಿಟಿಷರ ಆಳ್ವಿಕೆಯೂ ನಿಜಾಮರ ಪ್ರಭುತ್ವವೂ ಅಳಿದ ತರುವಾಯ 1953ರಲ್ಲಿ ನೀರನ್ನು ತಡೆದು ನಿಂತ ಆ ಕಟ್ಟಡವು, ಸುಣ್ಣ ಸುರ್ಕಿಯ ಗಾರೆಯಿಂದ ಬೆಸೆದ ಕಲ್ಲಿನ ಬಲದಿಂದ ಇಂದಿಗೂ ಅಚಲವಾಗಿದೆ. ಆದರೆ ಜಲಾಶಯ ತುಂಬಿದಾಗ ಮೇಲಿನ 20 ಅಡಿ ನೀರನ್ನು ಹಿಡಿದಿಡುವುದು ಕಲ್ಲಲ್ಲ, ಉಕ್ಕು. ಒಡ್ಡಿನ ನಡುವೆ ಸಾಲಾಗಿ ನಿಂತಿರುವ, ಒಂದೊಂದೂ 60 ಅಡಿ ಅಗಲವೂ 20 ಅಡಿ ಎತ್ತರವೂ ಆದ 33 ಕ್ರಸ್ಟ್ ಗೇಟುಗಳ ಬೆನ್ನಿಗೆ, ಜಲಾಶಯದ ಸುಮಾರು 105 ಟಿಎಂಸಿ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಆತುಕೊಂಡಿರುತ್ತದೆಂಬುದನ್ನು ನಾವು ಮರೆತೇಬಿಟ್ಟಿದ್ದೆವು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಚೈನು ತುಂಡಾಗಿ, ಗೇಟು ನದಿಯ ಪಾಲಾದಾಗ ಅದು ನೆನಪಾಯಿತು.

ಇಂತಹ ಗೇಟಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೀರಿಗೆ ಮುಖಕೊಟ್ಟಿರುವುದು ಒಂದು ಉಕ್ಕಿನ ತಗಡು. ಅದರ ಹಿಂದೆ ಅಡ್ಡಲಾಗಿ ಹಾಯ್ದ ಗರ್ಡರುಗಳು. ಅವುಗಳ ಎರಡು ತುದಿಗಳನ್ನು ಹಿಡಿದ ನಿಲುವು ತೊಲೆಗಳು. ಇಕ್ಕೆಲಗಳ ಕಲ್ಲಿನ ಕಂಬಗಳಲ್ಲಿ ಅವು ಮೇಲೆ ಕೆಳಗೆ ಸರಿಯಲು ಗಾಡಿ, ಎಂದರೆ ಉದ್ದನೆಯ ತೋಡು. ತಗಡು ಹೊತ್ತ ಭಾರವನ್ನು ಗರ್ಡರು, ಗರ್ಡರು ಹೊತ್ತುದನ್ನು ತೊಲೆ, ತೊಲೆ ಹೊತ್ತುದನ್ನು ಕಂಬ, ಹೀಗೆ ಒಂದರಿಂದೊಂದು ಹೊರೆಯನ್ನು ಈಸಿಕೊಂಡು ಕೊನೆಗೆ ಕಲ್ಲಿಗೆ ಒಪ್ಪಿಸುತ್ತವೆ. ತುಂಬಿದ ಜಲಾಶಯದಲ್ಲಿ ಒಂದು ಗೇಟಿನ ಮೇಲೆ ಬೀಳುವ ಒತ್ತಡ ಲೆಕ್ಕ ಹಾಕಿದರೆ ಸುಮಾರು 340 ಟನ್ನಾಗುತ್ತದೆ. ಇಷ್ಟನ್ನು ತಡೆಯುವ ಹಲಗೆಯನ್ನು ಎತ್ತಿ ಇಳಿಸುವ ಕೆಲಸ ಚೈನಿನದು. ಚೈನಿಗೆ ಜೀವವಿರುವುದು ಅದರ ಕೊಂಡಿಗಳು ಒಂದನ್ನೊಂದು ಕೂಡುವ ಸಂದುಗಳಲ್ಲಿ. ನೀರು, ಗಾಳಿ, ಧೂಳು ಮೂರೂ ಸೇರಿ ತುಕ್ಕನ್ನು ಕರೆಯುವುದೂ, ಲೋಹ ಲೋಹಕ್ಕೆ ಉಜ್ಜಿ ಸವೆಯುವುದೂ, ಗ್ರೀಸು ಹಚ್ಚುವವನ ಕೈ ಸುಲಭವಾಗಿ ತಲಪದಿರುವುದೂ ಆ ಸಂದುಗಳಲ್ಲಿಯೇ. ಕಲ್ಲು ಮುಪ್ಪಾದರೆ ಬಿರುಕು ಬಿಟ್ಟು ತೋರಿಸುತ್ತದೆ. ಉಕ್ಕು ಹೊರಗೆ ಬಣ್ಣ ಹೊದ್ದುಕೊಂಡು ಒಳಗೇ ಮುಪ್ಪಾಗುತ್ತದೆ. ಈ ಗೇಟುಗಳಿಗೆ ಆಗ ಎಪ್ಪತ್ತು ದಾಟಿತ್ತು.

ಗೇಟು ಹೋದ ಸ್ಥಳದಲ್ಲಿ ರಭಸವಾಗಿ ಹರಿಯುವ ನೀರು. ಒಡ್ಡಿನ ಮೇಲಿನ ಒತ್ತಡವನ್ನು ತಗ್ಗಿಸಲೆಂದು ಉಳಿದ ಗೇಟುಗಳನ್ನೂ ತೆರೆದು ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರನ್ನು ನದಿಗೆ ಬಿಡಬೇಕಾಯಿತು. ನೀರು ಕ್ರಸ್ಟಿನ, ಎಂದರೆ ಗೇಟು ಕೂರುವ ಕಲ್ಲಿನ ನೆತ್ತಿಯ, ಮಟ್ಟಕ್ಕಿಳಿದ ಮೇಲೆ ಹೊಸ ಗೇಟನ್ನು ಕೂರಿಸುವುದು ಪುಸ್ತಕದ ಮಾರ್ಗ. ಆ ಮಾರ್ಗವನ್ನು ಹಿಡಿದರೆ ಅರವತ್ತರಷ್ಟು ಟಿಎಂಸಿ ನೀರು ಕಳೆದು, ಕರ್ನಾಟಕ, ಆಂಧ್ರ, ತೆಲಂಗಾಣಗಳ ಅಚ್ಚುಕಟ್ಟಿನ ಪೈರು ಒಣಗಬೇಕು. ಇಂತಹ ಆಪತ್ತಿಗೆಂದೇ ಈಚಿನ ಅಣೆಕಟ್ಟುಗಳಲ್ಲಿ ಗೇಟಿನ ಮುಂದೆ ಇನ್ನೊಂದು ಜೊತೆ ಗಾಡಿಗಳನ್ನು ಬಿಟ್ಟು, ಅವುಗಳಲ್ಲಿ ಇಳಿಸಲು ಸ್ಟಾಪ್‌ಲಾಗ್‌ಗಳೆಂಬ ಬಿಡಿ ಉಕ್ಕಿನ ಹಲಗೆಗಳನ್ನು ಸಿದ್ಧವಾಗಿಟ್ಟಿರುತ್ತಾರೆ. ಹಳೆಯ ಪೇಟೆಗಳಲ್ಲಿ ಅಂಗಡಿಯವರು ಗಾಡಿಯಲ್ಲಿ ಒಂದೊಂದೇ ಹಲಗೆ ಸೇರಿಸಿ ಬಾಗಿಲು ಹಾಕುತ್ತಿದ್ದರಲ್ಲ, ಕ್ರಮ ಅದೇ. ಇಲ್ಲಿ ಹಲಗೆಗಳು ಅಡ್ಡಲಾಗಿ ಒಂದರ ಮೇಲೊಂದು ಕೂರುತ್ತವೆ. ನಮ್ಮ ಅಣೆಕಟ್ಟಿನ ಕಾಲದವರು ಈ ಏರ್ಪಾಟನ್ನು ಮಾಡಿಟ್ಟಿರಲಿಲ್ಲ. ಎಂದೂ ಕೆಡದಂತೆ ಕಟ್ಟಬೇಕೆಂಬ ಹಟ ಅವರಿಗಿದ್ದಿತು. ಕೆಟ್ಟ ದಿನಕ್ಕೊಂದು ದಾರಿಯಿರಲಿ ಎಂಬ ಸಂಶಯ ಇರಲಿಲ್ಲ. ಆ ಸಂಶಯವೇ ದೀರ್ಘಾಯುಸ್ಸಿನ ಮೊದಲ ಲಕ್ಷಣವೆಂದು ನನಗೆ ತೋರುತ್ತದೆ.

ಗೇಟುಗಳ ಪರಿಣತರೆಂದು ಹೆಸರಾದ ವಯೋವೃದ್ಧ ಎಂಜಿನಿಯರು ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸುವುದೆಂದು ನಿಶ್ಚಯವಾಯಿತು. 60 ಅಡಿ ಉದ್ದ, 4 ಅಡಿ ಎತ್ತರದ ಐದು ತುಂಡುಗಳು. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುವುದರಿಂದ, ಎಲ್ಲವೂ ಕೂತು ನೀರು ತುಂಬಿದ ಮೇಲೆ ತಳದ ತುಂಡು ತಡೆಯಬೇಕಾದ ಹೊರೆ ತುದಿಯ ತುಂಡಿನದಕ್ಕಿಂತ ಒಂಬತ್ತು ಪಾಲು. ಇವು ದೂರದ ಊರಿನಿಂದ ಬರಬೇಕಾಗಿದ್ದರೆ ದಾರಿಯಲ್ಲಿಯೇ ಕಾಲ ಕಳೆದುಹೋಗುತ್ತಿತ್ತು. ಸಂಡೂರಿನ ಅದಿರು ಕೈಯಳತೆಯಲ್ಲಿರುವ ಆ ಸೀಮೆಯಲ್ಲಿ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿಯೂ ಹೊಸಪೇಟೆಯ ಸುತ್ತಣ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿಯೂ ತಗಡು ಕತ್ತರಿಸಿ, ವೆಲ್ಡಿಂಗ್ ಮಾಡಿ ಅವು ಕೆಲವೇ ದಿನಗಳಲ್ಲಿ ಸಿದ್ಧವಾದವು. ಆಗಸ್ಟ್ 16ರ ಸಂಜೆ ಮೊದಲನೆಯ ತುಂಡು ನೀರಿಗಿಳಿಯಿತು. 17ರ ಹೊತ್ತಿಗೆ ಐದೂ ಕೂತು, ಹರಿವು ನಿಂತಿತು. ಆಮೇಲೆ ಮಳೆಯೂ ಕೈಕೊಡಲಿಲ್ಲ. ಜಲಾಶಯ ಮತ್ತೆ ತುಂಬಿತು. ಮೂಲಸೌಕರ್ಯದ ಸುಸ್ಥಿರತೆಯೆಂದು ಸಭೆಗಳಲ್ಲಿ ಆಡುವ ಮಾತಿಗೆ ಇದಕ್ಕಿಂತ ಗಟ್ಟಿಯಾದ ಅರ್ಥವನ್ನು ನಾನು ಕಂಡಿಲ್ಲ: ಕೆಟ್ಟ ಭಾಗವನ್ನು ಅಳತೆ ನೋಡಿ ಮತ್ತೆ ಮಾಡಬಲ್ಲ ಕೈಗಳು ಗಾವುದ ದೂರದೊಳಗಿರಬೇಕು.

ಸ್ಟಾಪ್‌ಲಾಗ್ ಗೇಟಲ್ಲ, ಎತ್ತಿ ಇಳಿಸಿ ನೀರನ್ನು ಆಳುವ ಕೆಲಸ ಅದರಿಂದಾಗದು. ತಜ್ಞರು ಪರೀಕ್ಷಿಸಿ 33 ಗೇಟುಗಳನ್ನೂ ಬದಲಿಸತಕ್ಕುದೆಂದರು. ಅದುವರೆಗೆ ಹಳೆಯವುಗಳ ಮೇಲೆ ಪೂರ್ಣ ಭಾರ ಹಾಕಲಾಗದೆ, 2025ರ ಮಳೆಗಾಲದಲ್ಲಿ ಜಲಾಶಯವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಒಳಹರಿವು ಧಾರಾಳವಾಗಿದ್ದ ವರ್ಷದಲ್ಲಿಯೇ ಎರಡನೆಯ ಬೆಳೆಯ ನೀರಿಗೆ ರೈತರು ಕೊರಗಬೇಕಾಗಿ ಬಂದುದು ಎಪ್ಪತ್ತು ವರ್ಷಗಳ ಅಲಕ್ಷ್ಯದ ಬಡ್ಡಿ. ಗೇಟು ಬದಲಿಸುವ ಕೆಲಸಕ್ಕೆ ಸಿಕ್ಕುವ ಕಾಲವಾದರೂ ಅಲ್ಪ: ನೀರು ಕ್ರಸ್ಟಿನ ಕೆಳಗಿಳಿದ ಬಳಿಕ ಆರಂಭಿಸಿ, ಮಲೆನಾಡಿನ ಮಳೆ ಹೊಳೆಗಿಳಿಯುವುದರೊಳಗೆ ಹಳೆಯದನ್ನು ಕತ್ತರಿಸಿ ಹೊರತೆಗೆದು, ಹೊಸದನ್ನು ಗಾಡಿಯಲ್ಲಿ ಕೂರಿಸಿ, ರಬ್ಬರ್ ಸೀಲು ಬಿಗಿದು, ಎತ್ತಿ ಇಳಿಸಿ ನೋಡಿ ಮುಗಿಸಬೇಕು. ಕತ್ತರಿಸಿ ತೆಗೆದ ಉಕ್ಕಾದರೋ ವ್ಯರ್ಥವಾಗತಕ್ಕದ್ದಲ್ಲ. ಗುಜರಿಯಾಗಿ ಕುಲುಮೆಗೆ ಹೋಗಿ, ಕರಗಿ, ಮತ್ತೆ ತಗಡಾಗಿ ಹೊರಬರಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ.